ಹಲ್ಲಿನ ಡಾಕ್ಟರು ಕ್ಯಾಮೆರಾ ಆರಿಸಿದ್ದು

“ಗುರುಗಳೇ, ಕಾಡುಜೀವಿಗಳ ಚಿತ್ರ ತೆಗೆಯುವವನು ಯಾವ ಕ್ಯಾಮೆರಾ ಕೊಳ್ಳಬೇಕು? ಯಾವ ಲೆನ್ಸ್ ಆರಿಸಬೇಕು? ಕೊಂಡ ಮೇಲೆ ಅದನ್ನು ಹೇಗೆ ಕಾಪಾಡಿಕೊಳ್ಳಬೇಕು?”

ಹೀಗೆ ಕೇಳಿದವನು ಓಂಕಾರ. ಬ್ಯಾಂಕಿನಲ್ಲಿ ಅವನ ಕೆಲಸ. ಬಿಡುವಿನ ದಿನಗಳಲ್ಲಿ ಗುರುಗಳ ಬಳಿ ಛಾಯಾಗ್ರಹಣ ಕಲಿಯಲು ಬರುತ್ತಿದ್ದ. ತಿಂಗಳುಗಟ್ಟಲೆ ಅಂಗಡಿ ಅಂಗಡಿ ಅಲೆದಿದ್ದ. ಒಂದರಲ್ಲಿ ವೇಗ ಹೆಚ್ಚು, ಇನ್ನೊಂದರಲ್ಲಿ ದೂರ ಹೆಚ್ಚು, ಮತ್ತೊಂದು ಮಳೆಗೆ ಜಗ್ಗುವುದಿಲ್ಲ. ಯಾವುದನ್ನು ಒಪ್ಪಿಕೊಂಡರೂ ಬಿಟ್ಟುಬಂದದ್ದೇ ಚೆನ್ನಾಗಿತ್ತೇನೋ ಅನ್ನಿಸಿ ಮನಸ್ಸು ಕೆಡುತ್ತಿತ್ತು.

ಗುರುಗಳು ಚಹಾದ ಲೋಟ ಕೆಳಗಿಟ್ಟರು. “ಒಬ್ಬ ಹಲ್ಲಿನ ಡಾಕ್ಟರ ಕತೆ ಹೇಳುತ್ತೇನೆ, ಕೇಳು” ಎಂದರು.

ಬಯಲುಸೀಮೆಯ ಒಂದು ಊರು. ಊರಿನ ಅಂಚಿಗೆ ನದಿ. ನದಿಯ ದಡದಲ್ಲಿ ಒಂದರ ಮೇಲೊಂದು ಒರಗಿಕೊಂಡ ದೊಡ್ಡ ದೊಡ್ಡ ಬಂಡೆಗಳು. ಆ ಊರಿನಲ್ಲಿ ನೀಲಾಂಬಿಕೆ ಎಂಬ ಹಲ್ಲಿನ ಡಾಕ್ಟರು ಇದ್ದರು.

ಬೇರೆ ದವಾಖಾನೆಯ ಬಾಗಿಲಲ್ಲೇ ಅಳು ಶುರು ಮಾಡುವ ಮಕ್ಕಳು ನೀಲಾಂಬಿಕೆಯವರ ಕುರ್ಚಿಯಲ್ಲಿ ತಾವಾಗಿ ಬಾಯಿ ತೆರೆದು ಕೂರುತ್ತಿದ್ದರು. ಅದಕ್ಕೆ ಕಾರಣವಿತ್ತು. ಸೂಜಿಯನ್ನು ಅವರು ಎಂದೂ ರೋಗಿಯ ಕಣ್ಣೆದುರು ಹಿಡಿಯುತ್ತಿರಲಿಲ್ಲ. ಉಪಕರಣಗಳ ತಟ್ಟೆಯ ಮೇಲೆ ಸದಾ ಒಂದು ಬಟ್ಟೆ ಹೊದಿಸಿರುತ್ತಿದ್ದರು. ಬಾಯೊಳಗೆ ಇಡುವ ಪುಟ್ಟ ಕನ್ನಡಿಯನ್ನು ಮೊದಲು ಬಿಸಿನೀರಿನಲ್ಲಿ ಅದ್ದುತ್ತಿದ್ದರು. ತಣ್ಣನೆಯ ಲೋಹ ತಗುಲಿ ಯಾರೂ ಬೆಚ್ಚಬಾರದು. ಕೆಲಸ ಶುರು ಮಾಡುವ ಮೊದಲು ದೊಡ್ಡವರಿಗೂ ಚಿಕ್ಕವರಿಗೂ ಒಂದೇ ಮಾತು ಹೇಳುತ್ತಿದ್ದರು: “ಸಾಕು ಅನ್ನಿಸಿದ್ರ ಎಡಗೈ ಎತ್ತು. ಅಲ್ಲಿಗೇ ನಿಲ್ಲಸ್ತೀನಿ.” ಕೈ ಎತ್ತಿದರೆ ನಿಜವಾಗಿಯೂ ನಿಲ್ಲಿಸುತ್ತಿದ್ದರು. ಎಷ್ಟು ಹೊತ್ತಾದರೂ ಕಾಯುತ್ತಿದ್ದರು.

ದಿನಾ ಬೆಳಿಗ್ಗೆ ನದಿಯ ದಂಡೆಗೆ ನಡೆದು ಹೋಗುವುದು ಅವರ ರೂಢಿ. ಒಂದು ದಿನ ನೀರಿನಲ್ಲಿ ಕಪ್ಪನೆಯ ತಲೆಯೊಂದು ತೇಲುತ್ತಿರುವುದು ಕಂಡಿತು. ಕೊರಡಿರಬೇಕು ಎಂದುಕೊಂಡರು. ಕೊರಡು ಮುಳುಗಿ, ಮೀನು ಕಚ್ಚಿಕೊಂಡು ಮೇಲೆ ಬಂತು. ಅದರ ಹಿಂದೆ ಇನ್ನೊಂದು ತಲೆ ಎದ್ದಿತು, ಮತ್ತೊಂದು ಎದ್ದಿತು. ನೀರುನಾಯಿಗಳ ಒಂದು ಸಂಸಾರವೇ ಅಲ್ಲಿತ್ತು.

ತಾಯಿ ಬಂಡೆಯ ಸಂದಿಯೊಳಗೆ ಹೋಗಿ ಒಂದು ಮರಿಯ ಕತ್ತು ಕಚ್ಚಿ ಎಳೆದು ತಂದಿತು. ಮರಿಗೆ ನೀರೆಂದರೆ ಭಯ. ಕಾಲು ಊರಿ ಕಿರುಚಿತು. ತಾಯಿ ಕೇಳಲಿಲ್ಲ. ನೀರಿಗೆ ಎಳೆದುಕೊಂಡು ಹೋಗಿ ಮುಳುಗಿಸಿತು, ಎತ್ತಿತು, ಆಮೇಲೆ ಬಿಟ್ಟುಬಿಟ್ಟಿತು. ಮರಿ ಕೈಕಾಲು ಬಡಿದು ಹೇಗೋ ತೇಲಿತು. ತಾಯಿ ಅದರ ಸುತ್ತ ಒಂದು ಸುತ್ತು ಈಜಿ ಬಂತು. ನೀಲಾಂಬಿಕೆ ನಿಂತಲ್ಲೇ ನಿಂತರು. ಅಂದು ದವಾಖಾನೆಯ ಬಾಗಿಲು ತೆರೆದದ್ದು ತಡವಾಗಿ. ಕಾಯುತ್ತಿದ್ದವರಿಗೆಲ್ಲ ತಾವು ಕಂಡದ್ದನ್ನು ಹೇಳಿದರು.

“ಯಾರದೋ ನಾಯಿ ಈಜ್ತಿರಬೇಕು ಬಿಡ್ರಿ ಡಾಕ್ಟರಮ್ಮ” ಎಂದು ಜನ ನಕ್ಕರು. ಅಷ್ಟು ವರ್ಷ ಅದೇ ನದಿಯ ನೀರು ಕುಡಿದವರಿಗೂ ಅಲ್ಲಿ ಯಾರಿದ್ದಾರೆಂದು ಗೊತ್ತಿರಲಿಲ್ಲ. ಚಿತ್ರ ತೆಗೆದು ತೋರಿಸಬೇಕು ಎಂಬ ಆಸೆ ನೀಲಾಂಬಿಕೆಗೆ ಹುಟ್ಟಿದ್ದು ಆಗಲೇ. ಮೊಬೈಲಿನಲ್ಲಿ ತೆಗೆದರೆ ನೀರಿನ ಮೇಲೆ ಒಂದು ಕಪ್ಪು ಚುಕ್ಕೆ ಬಂತು.

ಅದೇ ಊರಿನಲ್ಲಿ ಸಂಗನಬಸಪ್ಪ ಎಂಬ ಹತ್ತಿ ಮಿಲ್ಲಿನ ಮಾಲೀಕರಿದ್ದರು. ಅವರಿಗೆ ಕಾಡುಪ್ರಾಣಿಗಳ ಚಿತ್ರದ ಹುಚ್ಚು. ಆ ಸೀಮೆಯಲ್ಲೆಲ್ಲ ದೊಡ್ಡ ಲೆನ್ಸ್ ಎಂದರೆ ಅವರದು. ತೋಳಿನಷ್ಟು ಉದ್ದ, ಬಿಳಿಯ ಬಣ್ಣ, ಎತ್ತಿ ನಿಲ್ಲಿಸಲು ಮೂರು ಕಾಲಿನ ಗಟ್ಟಿ ಸ್ಟ್ಯಾಂಡ್. ನೀಲಾಂಬಿಕೆ ಸಲಹೆ ಕೇಳಲು ಹೋದರೆ ಅವರು ಕ್ಯಾಮೆರಾ ಸಮೇತ ಆ ಲೆನ್ಸನ್ನೇ ಎತ್ತಿ ಕೊಟ್ಟರು.

“ತಗೊಂಡು ಹೋಗ್ರಿ ಡಾಕ್ಟರ. ಕಪಾಟಿನ್ಯಾಗ ಕುಂತು ಏನ್ ಮಾಡತೈತಿ? ನಿಮ್ಮ ಕೈಯಾಗ ಇರಲಿ.”

ದೊಡ್ಡ ಮನಸ್ಸಿನ ಮನುಷ್ಯ ಅವರು. ಕೊಟ್ಟ ವಸ್ತುವಿನ ಬಗ್ಗೆ ಮತ್ತೆ ಕೇಳಲೂ ಇಲ್ಲ.

ನೀಲಾಂಬಿಕೆ ಲೆನ್ಸನ್ನು ಬಂಡೆಯ ಮೇಲೆ ಸ್ಟ್ಯಾಂಡಿಗೆ ಏರಿಸಿ ಕಾದರು. ತಾಯಿ ಮೀನು ಹಿಡಿದು ದಡಕ್ಕೆ ಬಂತು. ಗುಂಡಿ ಒತ್ತಿದರು. ಕ್ಯಾಮೆರಾ ಪಟಪಟನೆ ಸದ್ದು ಮಾಡಿತು. ತಾಯಿ ತಲೆ ಎತ್ತಿ ನೋಡಿತು, ಸೀಟಿ ಹೊಡೆದ ಹಾಗೆ ಕೂಗಿತು, ಮರುಗಳಿಗೆಯಲ್ಲಿ ನದಿ ಖಾಲಿ. ಹಾಗೆ ಕೆಲವು ದಿನ ನಡೆಯಿತು. ಚಿತ್ರಗಳು ಮಾತ್ರ ಅದ್ಭುತವಾಗಿ ಬಂದಿದ್ದವು. ಒಂದೊಂದು ಮೀಸೆಯ ತುದಿಯಲ್ಲೂ ನೀರಿನ ಹನಿ. ಕಣ್ಣಿನಲ್ಲಿ ಸೂರ್ಯನ ಬಿಂಬ. ದವಾಖಾನೆಯ ಗೋಡೆಗೆ ಹಾಕಿದರೆ ನಕ್ಕವರೆಲ್ಲ ಬಂದು ನೋಡಿ ಬೆರಗಾದರು.

ನೀಲಾಂಬಿಕೆಗೆ ಮಾತ್ರ ಆ ಚಿತ್ರಗಳನ್ನು ನೋಡಿದಾಗಲೆಲ್ಲ ಏನೋ ಕಸಿವಿಸಿ. ಯಾಕೆಂದು ತಿಳಿಯಲಿಲ್ಲ. ಒಂದು ಮಧ್ಯಾಹ್ನ ಕುರ್ಚಿಯಲ್ಲಿ ಹೊಸ ರೋಗಿಯೊಬ್ಬ ಕುಳಿತಿದ್ದ. ಬೇರೆ ದವಾಖಾನೆಯಲ್ಲಿ ನೋವುಂಡು ಬಂದವನು. ತಟ್ಟೆಯ ಮೇಲಿನ ಬಟ್ಟೆ ಸ್ವಲ್ಪ ಸರಿದು ಸೂಜಿ ಕಂಡಿತು. ಅವನ ಕತ್ತು ಸೆಟೆಯಿತು, ಕಣ್ಣು ಅಗಲವಾಯಿತು, ಉಸಿರು ನಿಂತಿತು. ನೀಲಾಂಬಿಕೆ ಅವನನ್ನು ನೋಡಿದರು. ಆಮೇಲೆ ಗೋಡೆಯ ಮೇಲಿದ್ದ ನೀರುನಾಯಿಯನ್ನು ನೋಡಿದರು. ಅದೇ ಕತ್ತು. ಅದೇ ಕಣ್ಣು.

ಒಂದು ಚಿತ್ರವಲ್ಲ, ಎಲ್ಲವೂ ಹಾಗೇ ಇದ್ದವು. ಊರೆಲ್ಲ ಮೆಚ್ಚಿದ ಆ ಮುಖದ ತುಂಬ ಭಯವೇ ಇತ್ತು. ಅದು ತಲೆ ಎತ್ತಿದ್ದು ಕುರ್ಚಿಯಲ್ಲಿದ್ದವರು ಕೈ ಎತ್ತಿದ ಹಾಗೆ. ತಾವು ಒಮ್ಮೆಯೂ ನಿಲ್ಲಿಸಿರಲಿಲ್ಲ.

ಮರುದಿನ ಅವರು ಕ್ಯಾಮೆರಾವನ್ನೂ ಲೆನ್ಸನ್ನೂ ಒರೆಸಿ, ಮುಚ್ಚಳ ಹಾಕಿ, ಸಂಗನಬಸಪ್ಪನವರ ಮನೆಗೆ ತಂದು ಒಪ್ಪಿಸಿದರು.

“ಯಾಕ್ರೀ, ಇದು ಸಾಲಲಿಲ್ಲೇನು? ಇದಕ್ಕಿಂತ ದೊಡ್ಡದು ಬೇಕಾತೇನು?” ಎಂದು ಅವರು ಅಚ್ಚರಿಯಿಂದ ಕೇಳಿದರು.

“ಎಂಥಾದ್ದು ಬೇಕು ಅಂತ ಇನ್ನೂ ಗೊತ್ತಿಲ್ರೀ. ಕೇಳಿಕೊಂಡು ಬರ್ತೀನಿ.”

“ಯಾರನ್ನ ಕೇಳ್ತೀರಿ?”

“ನೀರುನಾಯಿನ್ನ.”

ಸಂಗನಬಸಪ್ಪನವರು ದೊಡ್ಡದಾಗಿ ನಕ್ಕರು. ಡಾಕ್ಟರು ನಗಲಿಲ್ಲ.

ಆಮೇಲೆ ಬಹಳ ದಿನ ಅವರು ಬರಿಗೈಯಲ್ಲೇ ನದಿಗೆ ಹೋದರು. ಮಾಸಿದ ಮಣ್ಣಿನ ಬಣ್ಣದ ಸೀರೆ. ದಿನಾ ಅದೇ ಜಾಗ. ಹೊಳೆಯ ಈಚೆ ದಡದಲ್ಲಿ, ಮರಿಗಳಿರುವ ಸಂದಿಯಿಂದ ದೂರದಲ್ಲಿ, ಬಂಡೆಯ ನೆರಳಿಗೆ ಆತು ಕೂರುತ್ತಿದ್ದರು. ಗಾಳಿ ತಮ್ಮ ಮೈಯ ವಾಸನೆಯನ್ನು ಅತ್ತ ಒಯ್ಯುವ ಹಾಗೆ ಬೀಸುತ್ತಿದ್ದರೆ ಅಂದು ಕೂರದೆ ಮನೆಗೆ ವಾಪಸಾಗುತ್ತಿದ್ದರು.

ಕೂತು ಕೂತು ಅವರಿಗೆ ಒಂದೊಂದೇ ತಿಳಿಯತೊಡಗಿತು. ಹರಿಗೋಲು ಹತ್ತಿರದಲ್ಲೇ ಹಾದುಹೋದರೂ ನೀರುನಾಯಿಗಳು ತಲೆ ಕೆಡಿಸಿಕೊಳ್ಳುವುದಿಲ್ಲ. ಬಟ್ಟೆ ಒಗೆಯುವ ಸದ್ದು ಅವಕ್ಕೆ ಹಳೆಯದು. ಬಂಡೆಯ ಮೇಲೆ ಎದ್ದು ನಿಂತ ಆಕಾರ ಕಂಡರೆ ಅವು ನಿಲ್ಲುವುದಿಲ್ಲ. ಬಿಳಿಯದು, ಹೊಳೆಯುವುದು ಅವಕ್ಕೆ ಆಗುವುದಿಲ್ಲ. ಒಮ್ಮೆಗೇ ಎದ್ದು ಒಮ್ಮೆಗೇ ನಿಲ್ಲುವ ಸದ್ದು ಎಲ್ಲಕ್ಕಿಂತ ಕೆಟ್ಟದ್ದು. ಇನ್ನೊಂದು ಸಂಗತಿಯನ್ನೂ ಕಂಡುಕೊಂಡರು. ಮೀನು ತಿಂದು ತೃಪ್ತಿಯಾದ ಮೇಲೆ ಇಡೀ ಸಂಸಾರ ಹೊಳೆ ದಾಟಿ ಈಚೆ ದಡದ ಮರಳಿಗೇ ಬರುತ್ತದೆ. ಮರಳಿನಲ್ಲಿ ಹೊರಳಿ ಮೈ ಒಣಗಿಸಿಕೊಳ್ಳುತ್ತದೆ. ಮೊದಮೊದಲು ಅವು ಇವರಿಂದ ಬಹಳ ದೂರದಲ್ಲಿ ಹೊರಳುತ್ತಿದ್ದವು. ಬೇಸಗೆ ಮುಗಿಯುವ ಹೊತ್ತಿಗೆ ಅವುಗಳ ಒದ್ದೆ ಮೈಯ ವಾಸನೆ ಇವರಿಗೆ ಬರುವಷ್ಟು ಹತ್ತಿರ ಹೊರಳತೊಡಗಿದವು. ಇವರು ಒಂದು ಹೆಜ್ಜೆಯನ್ನೂ ಮುಂದೆ ಇಟ್ಟಿರಲಿಲ್ಲ.

ಆಮೇಲೆ ನೀಲಾಂಬಿಕೆ ನಗರದ ಕ್ಯಾಮೆರಾ ಅಂಗಡಿಗೆ ಹೋದರು.

ಅಂಗಡಿಯವನು ಒಂದೊಂದನ್ನೇ ತೆಗೆದು ಮುಂದಿಟ್ಟು ಗುಣ ವರ್ಣಿಸಿದ. ಡಾಕ್ಟರು ಕಣ್ಣು ಮುಚ್ಚಿಕೊಂಡರು. “ಇವನ್ನ ಒಂದೊಂದಾಗಿ ಒತ್ತರಿ, ನಾ ಕೇಳ್ತೀನಿ” ಎಂದರು. ಅವನಿಗೆ ಅರ್ಥವಾಗಲಿಲ್ಲ, ಆದರೂ ಒತ್ತಿದ. ಕೆಲವು ಕ್ಯಾಮೆರಾಗಳ ಒಳಗೆ ಕನ್ನಡಿಯೊಂದು ಎದ್ದು ಬೀಳುತ್ತದೆ. ಅದರ ಸದ್ದಿಗೆ ಡಾಕ್ಟರ ಹುಬ್ಬು ಗಂಟಿಕ್ಕಿತು. ಕೊನೆಗೆ ಒಂದನ್ನು ಒತ್ತಿದಾಗ ಅವರಿಗೆ ಏನೂ ಕೇಳಿಸಲಿಲ್ಲ. “ಒತ್ತರಿ” ಎಂದರು. “ಆಗಲೇ ಒತ್ತಿದೆ ಮೇಡಂ” ಎಂದ. ಕಣ್ಣು ತೆರೆದರು. ಅದು ಕನ್ನಡಿಯಿಲ್ಲದ, ಸದ್ದನ್ನು ಪೂರ್ತಿ ನಿಲ್ಲಿಸಬಹುದಾದ ಸಣ್ಣ ಕಪ್ಪು ಕ್ಯಾಮೆರಾ. ಅದನ್ನೇ ಆರಿಸಿಕೊಂಡರು.

ಲೆನ್ಸಿನ ಸರದಿ ಬಂದಾಗ ಅವರು ಅಂಗಡಿಯ ನೆಲದ ಮೇಲೆ ಬೋರಲು ಮಲಗಿದರು. ಅಲ್ಲಿದ್ದ ಗಿರಾಕಿಗಳು ನೋಡುತ್ತ ನಿಂತರು. ಮಲಗಿ, ಮೊಣಕೈ ಊರಿ, ಒಂದೊಂದು ಲೆನ್ಸನ್ನೂ ಕೈ ನಡುಗುವವರೆಗೆ ಹಿಡಿದು ನೋಡಿದರು. ಬಹಳ ದೂರ ನೋಡುವವು ಬೇಗ ಕೈ ಸೋಲಿಸಿದವು. ನಡುವಳತೆಯ ಒಂದು ಕಪ್ಪು ಲೆನ್ಸ್ ಕೈಗೆ ಒಗ್ಗಿತು. ಹತ್ತಿರದ ಮರಳಿನಿಂದ ಹಿಡಿದು ಆಚೆ ದಡದ ಬಂಡೆಯವರೆಗೆ ಅದು ನೋಡಬಲ್ಲದು. “ಇದು ದೂರಕ್ಕೆ ಸಾಲುವುದಿಲ್ಲ ಮೇಡಂ” ಎಂದು ಅಂಗಡಿಯವನು ಎಚ್ಚರಿಸಿದ. “ಅವರು ಹತ್ತಿರಾನ ಬರ್ತಾರ” ಎಂದರು ಡಾಕ್ಟರು.

ಮೂರು ಕಾಲಿನ ಸ್ಟ್ಯಾಂಡ್ ಬೇಡವೆಂದರು. ಮನೆಗೆ ಬಂದು ಹಳೆಯ ಖಾದಿ ಬಟ್ಟೆಯ ಚೀಲ ಹೊಲಿದು ಅದರೊಳಗೆ ಹುರುಳಿ ತುಂಬಿದರು. ಬಂಡೆಯ ಮೇಲೆ ಚೀಲ, ಚೀಲದ ಮೇಲೆ ಲೆನ್ಸ್. ಕಲ್ಲಿಗೆ ತಾಗಿ ಸದ್ದಾಗುವ ಮಾತೇ ಇಲ್ಲ.

ಆ ಕ್ಯಾಮೆರಾವನ್ನು ಅವರು ಸಾಕಿದ ರೀತಿಯನ್ನೂ ಹೇಳಬೇಕು. ನದಿಯ ಮರಳು ಕಣ್ಣಿಗೆ ಕಾಣದಷ್ಟು ಸಣ್ಣದು. ಗಾಜಿನ ಮೇಲೆ ಕೂತ ಮರಳನ್ನು ಸೀರೆಯ ಸೆರಗಿನಿಂದ ಒರೆಸಿದರೆ ಗೀರು ಬಿತ್ತೆಂದೇ ಲೆಕ್ಕ. ಅವರು ಮೊದಲು ರಬ್ಬರಿನ ಬುಗ್ಗೆ ಒತ್ತಿ ಗಾಳಿಯಿಂದ ಧೂಳು ಹಾರಿಸುತ್ತಿದ್ದರು. ಆಮೇಲೆ ಮೆತ್ತನೆಯ ಕುಂಚ. ಕಟ್ಟಕಡೆಗೆ, ಬೇಕೇ ಬೇಕಾದರೆ, ಅದಕ್ಕೆಂದೇ ಇಟ್ಟ ಬಟ್ಟೆ. ಬಾಯಿಂದ ಊದುವುದಂತೂ ಇಲ್ಲವೇ ಇಲ್ಲ. ಬಾಯಲ್ಲಿ ಏನೇನಿರುತ್ತದೆ ಎಂದು ಹಲ್ಲಿನ ಡಾಕ್ಟರಿಗೆ ಯಾರೂ ಹೇಳಬೇಕಾಗಿಲ್ಲ. ನದಿಯ ಬಯಲಿನಲ್ಲಿ ಎಂದೂ ಲೆನ್ಸ್ ಬಿಚ್ಚುತ್ತಿರಲಿಲ್ಲ. ಎಷ್ಟೇ ದಣಿದು ಬಂದಿರಲಿ, ಅಂದಿನ ಧೂಳನ್ನು ಅಂದೇ ತೆಗೆದು ಆಮೇಲೆ ಚಹಾ ಕುಡಿಯುತ್ತಿದ್ದರು.

ಒಮ್ಮೆ ಸಂಗನಬಸಪ್ಪನವರು ಇದನ್ನು ನೋಡಿ, “ಕೂಸಿಗೆ ಎರೆದಂಗ ಮಾಡ್ತೀರಲ್ರೀ” ಎಂದು ತಮಾಷೆ ಮಾಡಿದರು.

ಡಾಕ್ಟರು ಕುಂಚ ಆಡಿಸುತ್ತಲೇ ಹೇಳಿದರು: “ಅಲ್ಲಿ ಮಲಗಿದಾಗ ಗುಂಡಿ ಸಿಕ್ಕಿಕೊಂಡ್ರ, ಗಾಜು ಮಬ್ಬಾದ್ರ, ನಾ ಕೈ ಆಡಿಸಬೇಕಾಗತೈತಿ. ನಾ ಕೈ ಆಡಿಸಿದ್ರ ಅವು ಏಳ್ತಾವ. ಅದಕ್ಕ ಆಡಿಸೂದೆಲ್ಲಾ ಮನಿಯಾಗ ಆಡಿಸ್ತೀನಿ.”

ಆ ವರ್ಷ ಮಳೆ ಹಿಡಿದು ಕೂತಿತು. ಸಂಗನಬಸಪ್ಪನವರು ತಮ್ಮ ದೊಡ್ಡ ಲೆನ್ಸನ್ನು ಚರ್ಮದ ಚೀಲದಲ್ಲಿ ಹಾಕಿ ಕಪಾಟಿನಲ್ಲಿ ಇಟ್ಟವರು ಮಳೆಗಾಲ ಮುಗಿದ ಮೇಲೆಯೇ ತೆಗೆದರು. ಗಾಜಿನ ಒಳಗೆ ಜೇಡರ ಬಲೆಯ ಹಾಗೆ ಬೆಳ್ಳನೆಯ ಬೂಷ್ಟು ಹಬ್ಬಿತ್ತು. ಅವರು ಅದನ್ನು ಎತ್ತಿಕೊಂಡು ದವಾಖಾನೆಗೆ ಓಡಿ ಬಂದರು. ಹಲ್ಲುನೋವಿನವರ ಸಾಲಿನಲ್ಲಿ ಲೆನ್ಸ್ ತೊಡೆಯ ಮೇಲಿಟ್ಟುಕೊಂಡು ಕೂತರು. ಸರದಿ ಬಂದಾಗ ನೀಲಾಂಬಿಕೆ ಅದನ್ನು ಬೆಳಕಿಗೆ ಹಿಡಿದು ನೋಡಿದರು.

“ಒಳಗ ನಾ ಕೈ ಹಾಕೂದಿಲ್ರೀ. ಇದನ್ನ ಬಿಚ್ಚಿ ತೊಳೆಯೋರು ಬ್ಯಾರೆ ಅದಾರ. ಅವರಿಗೇ ಕಳಸ್ರಿ. ಬಂದ ಮ್ಯಾಲೆ ಚರ್ಮದ ಚೀಲದಾಗ ಮಾತ್ರ ಇಡಬ್ಯಾಡ್ರಿ. ಚರ್ಮ ತೇವ ಹಿಡೀತೈತಿ.”

ಆಮೇಲೆ ಒಳಗೆ ಕರೆದುಕೊಂಡು ಹೋಗಿ ತಮ್ಮ ಡಬ್ಬಿ ತೋರಿಸಿದರು. ಗಾಳಿಯಾಡದ ಮುಚ್ಚಳದ ಡಬ್ಬಿ. ಅದರೊಳಗೆ ತೇವ ಹೀರುವ ನೀಲಿ ಹರಳುಗಳ ಪೊಟ್ಟಣ. ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಹೊಟ್ಟೆ ತುಂಬಿತೆಂದು ಅರ್ಥ. ಅಡುಗೆಗೆ ಬಳಸದ ಒಂದು ಹಳೆಯ ಬಾಣಲೆಯಲ್ಲಿ ಬೆಚ್ಚಗೆ ಮಾಡಿದರೆ ಅವು ಮತ್ತೆ ನೀಲಿಯಾಗುತ್ತವೆ. ಮಳೆಗಾಲದಲ್ಲೂ ವಾರಕ್ಕೊಮ್ಮೆ ಕ್ಯಾಮೆರಾ ಹೊರಗೆ ತೆಗೆದು, ಬೆಳಕು ಕಾಣಿಸಿ, ಒಂದೆರಡು ಬಾರಿ ಗುಂಡಿ ಒತ್ತಿ ಇಡುತ್ತಿದ್ದರು. ಸಂಗನಬಸಪ್ಪನವರು ಎಲ್ಲವನ್ನೂ ಕೇಳಿಸಿಕೊಂಡರು. ಲೆನ್ಸ್ ದುರಸ್ತಿಯಾಗಿ ಬಂದ ದಿನವೇ ಅಂಥದೇ ಡಬ್ಬಿ ತಂದರು.

ಇತ್ತ ನೀಲಾಂಬಿಕೆಯವರ ಚಿತ್ರಗಳು ಬೇರೆಯೇ ಆಗತೊಡಗಿದವು. ಮರಿಯೊಂದು ಬೆಣಚುಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು, ಬಿಟ್ಟು, ಮತ್ತೆ ಹಿಡಿದು ಆಡುವುದು. ಅಪ್ಪ ಮೀನನ್ನು ತಲೆಯ ಕಡೆಯಿಂದ ಕಡಿಯುತ್ತಿದ್ದರೆ ಮರಿಗಳು ಅದರ ಬಾಯನ್ನೇ ನೋಡುತ್ತ ಕೂತಿರುವುದು. ಯಾವ ಚಿತ್ರದಲ್ಲೂ ಯಾರೂ ಕ್ಯಾಮೆರಾವನ್ನು ನೋಡುತ್ತಿರಲಿಲ್ಲ. ಸಂಗನಬಸಪ್ಪನವರು ಚಿತ್ರಗಳನ್ನು ತಿರುವಿ, ಸಂಕೋಚದಿಂದಲೇ, “ಮುಖ ಸಣ್ಣದಾಗಿ ಬಿದ್ದಾವಲ್ರೀ. ಬರೇ ಕಲ್ಲು, ನೀರೇ ಹೆಚ್ಚಾತು” ಎಂದರು.

“ಅವು ಇರೂದು ಅದರಾಗ ಅಲ್ಲೇನ್ರೀ” ಎಂದರು ಡಾಕ್ಟರು.

ಮಾರನೆಯ ವರ್ಷ ಊರಿಗೆ ಒಂದು ಸುದ್ದಿ ಬಂತು. ಒಬ್ಬ ಗುತ್ತಿಗೆದಾರ ನದಿದಡದ ಬಂಡೆಗಳನ್ನು ಸಿಡಿಸಿ ಜಲ್ಲಿ ಮಾಡಲು ಅನುಮತಿ ಕೇಳಿದ್ದ. ನೀರುನಾಯಿಗಳು ಮರಿ ಹಾಕುವ ಸಂದಿಗಳಿದ್ದದ್ದು ಅವೇ ಬಂಡೆಗಳಲ್ಲಿ. ಆಕ್ಷೇಪವಿದ್ದವರು ಬಂದು ಹೇಳಬಹುದು ಎಂದು ಸರಕಾರದವರು ನದಿಯ ದಂಡೆಯಲ್ಲೇ ಶಾಮಿಯಾನ ಹಾಕಿಸಿ ಅಹವಾಲು ಸಭೆ ಕರೆದರು. ಹಿರಿಯ ಅಧಿಕಾರಿಯೊಬ್ಬರು ಬಂದು ಕೂತರು.

“ಇಲ್ಲಿ ನೀರುನಾಯಿ ಇಲ್ಲವೇ ಇಲ್ಲ ಸರ್. ಹಾವು, ಹಲ್ಲಿ ಇರಬಹುದು” ಎಂದು ಗುತ್ತಿಗೆದಾರನ ಕಡೆಯವನು ಹೇಳಿದ.

ಮೊದಲು ಎದ್ದು ನಿಂತವರು ಸಂಗನಬಸಪ್ಪ. ಅದು ಸಣ್ಣ ಮಾತಲ್ಲ. ಮಿಲ್ಲು ನಡೆಸುವವರಿಗೆ ಗುತ್ತಿಗೆದಾರರ ಜತೆ ದಿನಾ ವ್ಯವಹಾರ. ಆದರೂ ಎದ್ದರು. ಈಚೆಗೆ ತಾವೂ ಆ ನದಿಗೆ ಹೋಗಿ ತಮ್ಮ ದೊಡ್ಡ ಲೆನ್ಸಿನಲ್ಲಿ ತೆಗೆದ ನೀರುನಾಯಿಯ ಚಿತ್ರಗಳನ್ನು ದೊಡ್ಡದಾಗಿ ಅಚ್ಚು ಹಾಕಿಸಿ ತಂದಿದ್ದರು. ಅಧಿಕಾರಿ ಒಂದೊಂದನ್ನೂ ಮೆಚ್ಚಿ ನೋಡಿದರು. ಫಳಫಳ ಹೊಳೆಯುವ ಮುಖ, ಒಂದೊಂದು ಕೂದಲೂ ಎಣಿಸುವ ಹಾಗೆ. ಮುಖದ ಹಿಂದೆ ಮಾತ್ರ ಎಲ್ಲವೂ ಕರಗಿದ ಹಸಿರು.

“ಬಹಳ ಚೆನ್ನಾಗಿವೆ. ಆದರೆ ಇದು ಈ ನದಿಯದೇ ಎಂದು ನಾನು ಹೇಗೆ ಬರೆಯಲಿ?” ಎಂದರು ಅಧಿಕಾರಿ.

“ನಾನ ತೆಗೆದದ್ದು ಸರ್, ಅಲ್ಲೇ ನಿಂತು” ಎಂದರು ಸಂಗನಬಸಪ್ಪ.

“ನಿಮ್ಮ ಮಾತು ನಂಬುತ್ತೇನೆ. ಚಿತ್ರದಲ್ಲಿ ಅದು ಕಾಣಬೇಕಲ್ಲ.”

ಸಂಗನಬಸಪ್ಪನವರು ಚಿತ್ರವನ್ನು ಹಿಂದೆ ಮುಂದೆ ತಿರುಗಿಸಿದರು. ಅದರಲ್ಲಿ ಇನ್ನೇನೂ ಇರಲಿಲ್ಲ. ಕೂತುಬಿಟ್ಟರು.

ನೀಲಾಂಬಿಕೆ ಎದ್ದು ಒಂದೇ ಒಂದು ಚಿತ್ರ ಕೊಟ್ಟರು. ಒಂದಕ್ಕೊಂದು ಒರಗಿದ ಎರಡು ಬಂಡೆ. ಒಂದರ ಹೊಟ್ಟೆಯ ಮೇಲೆ ಹಿಂದಿನ ಕಾಲದ ಕಲ್ಲುಕುಟಿಗರು ಕೊರೆದು ಬಿಟ್ಟ ಗುಳಿಗಳ ಸಾಲು. ಆಚೆಗೆ ನದಿಯ ತಿರುವು, ಅದರಾಚೆ ಗುಡ್ಡದ ನೆತ್ತಿ. ಬಂಡೆಯ ಬುಡದ ಮರಳಿನಲ್ಲಿ ತಾಯಿ ನೀರುನಾಯಿ ಮಗ್ಗುಲಾಗಿ ಮಲಗಿತ್ತು. ಮರಿಗಳು ಹಾಲು ಕುಡಿಯುತ್ತಿದ್ದವು. ಒಂದು ಮರಿ ತಾಯಿಯ ಕತ್ತಿನ ಮೇಲೆ ಅಡ್ಡ ಬಿದ್ದಿತ್ತು. ತಾಯಿಯ ಕಣ್ಣು ಮುಚ್ಚಿತ್ತು. ಬಾಯಿ ತುಸು ತೆರೆದು ಹಲ್ಲು ಕಾಣುತ್ತಿತ್ತು.

ಅಧಿಕಾರಿ ಚಿತ್ರ ಹಿಡಿದುಕೊಂಡು ಶಾಮಿಯಾನದಿಂದ ಹೊರಗೆ ಬಂದರು. ಚಿತ್ರವನ್ನು ಕಣ್ಣೆತ್ತರಕ್ಕೆ ಎತ್ತಿ ನದಿಯತ್ತ ನೋಡಿದರು. ಅದೇ ಬಂಡೆ, ಅದೇ ಗುಳಿಗಳು, ಅದೇ ಗುಡ್ಡ. ಸಭೆಯಲ್ಲಿದ್ದವರೆಲ್ಲ ಎದ್ದು ಬಂದು ಅವರ ಹಿಂದೆ ನಿಂತು ನೋಡಿದರು.

ಗುತ್ತಿಗೆದಾರನ ಕಡೆಯವನು ಸೋಲಲಿಲ್ಲ. “ಇದು ನದಿಯ ಉದ್ದಕ್ಕೂ ಅಲೆಯೋ ಪ್ರಾಣಿ ಸರ್. ಅಂದು ಇಲ್ಲಿ ಹಾದುಹೋಗಿರಬಹುದು. ಇಲ್ಲೇ ಅದರ ಮನೆ ಅಂತ ಏನು ಖಾತ್ರಿ?”

ಅಧಿಕಾರಿ ನೀಲಾಂಬಿಕೆಯವರ ಕಡೆ ತಿರುಗಿದರು. ಡಾಕ್ಟರಿಗೆ ಸಭೆಯಲ್ಲಿ ಮಾತಾಡಿ ಅಭ್ಯಾಸವಿರಲಿಲ್ಲ. ಚಿತ್ರದಲ್ಲಿ ಮಲಗಿದ್ದ ತಾಯಿಯನ್ನು ಒಮ್ಮೆ ನೋಡಿದರು.

“ಸರ್, ದಿನಾ ನನ್ನ ಮುಂದ ಮಂದಿ ಬಾಯಿ ತೆರೆದು ಮಲಗ್ತಾರ. ಆದ್ರ ಒಬ್ಬರಿಗೂ ನಿದ್ದಿ ಬರೂದಿಲ್ಲ. ನಾ ಎಷ್ಟ ಮೆತ್ತಗ ಮಾತಾಡಿದ್ರೂ ಬರೂದಿಲ್ಲ. ತಮ್ಮ ಜಾಗಾ ಅಲ್ಲ ಅನ್ನೂದು ಅವರ ಮೈಗೆ ಗೊತ್ತಿರತೈತಿ. ಈ ತಾಯಿ ಹೆಂಗ ಮಲಗೈತಿ ನೋಡ್ರಿ.”

ಅಧಿಕಾರಿ ನೋಡಿದರು. ಗುತ್ತಿಗೆದಾರನ ಕಡೆಯವನೂ ನೋಡಿದ. ಹಿಂದೆ ನಿಂತಿದ್ದ ಹೆಂಗಸೊಬ್ಬಳು, “ಬಾಣಂತಿ ಮಲಗಿದಂಗ ಮಲಗೇದಲ್ಲವ್ವಾ” ಎಂದು ಮೆಲ್ಲಗೆ ಹೇಳಿದಳು. ಅದು ಎಲ್ಲರಿಗೂ ಕೇಳಿಸಿತು.

ಅಂದೇ ಏನೂ ತೀರ್ಮಾನವಾಗಲಿಲ್ಲ. ಪರಿಣತರು ಬಂದರು, ಮರಳಿನ ಮೇಲಿನ ಹೆಜ್ಜೆ ನೋಡಿದರು, ಬಂಡೆಯ ಮೇಲಿನ ಹಿಕ್ಕೆಯಲ್ಲಿ ಮೀನಿನ ಹುರುಪೆ ಹುಡುಕಿದರು. ಕೊನೆಗೆ ಆ ದಡದ ಬಂಡೆಗಳಿಗೆ ಯಾರೂ ಕೈ ಹಚ್ಚಬಾರದು ಎಂದು ಆದೇಶವಾಯಿತು. ಹೊಳೆಯ ಮೇಲ್ಗಡೆ ಕೆಲವು ಬಂಡೆಗಳನ್ನು ಗುತ್ತಿಗೆದಾರ ಅನುಮತಿಗೂ ಕಾಯದೆ ಅಷ್ಟರೊಳಗೆ ಕೊರೆಸಿದ್ದ. ಅವು ಹೋದವು. ತಾಯಿ ಮಲಗಿದ್ದ ಜಾಗ ಉಳಿಯಿತು.

ಊರಿಗೆಲ್ಲ ಸಂತೋಷವಾಯಿತು. ಸಂಗನಬಸಪ್ಪನವರೂ ಸಂತೋಷಪಟ್ಟರು. ಆದರೆ ಮನಸ್ಸಿನೊಳಗೆ ಒಂದು ಮುಳ್ಳು ಉಳಿದಿತ್ತು. ಒಂದು ದಿನ ಬಂದು, “ನನ್ನ ಲೆನ್ಸ್ ದಂಡ ಆತ್ರೀ ಡಾಕ್ಟರ. ಯಾರಿಗರ ಕೊಟ್ಟುಬಿಡ್ತೀನಿ. ನಿಮ್ಮಂಥಾದ್ದ ಒಂದು ತಗೋತೀನಿ” ಎಂದರು.

ನೀಲಾಂಬಿಕೆ ಅವರನ್ನು ಊರಾಚೆಯ ಗುಡ್ಡಕ್ಕೆ ಕರೆದುಕೊಂಡು ಹೋದರು. ಕೊರಕಲಿನ ಈಚೆ ನಿಲ್ಲಿಸಿ, ಆಚೆಯ ಕಡಿದಾದ ಕಲ್ಲುಗೋಡೆಯತ್ತ ಬೆರಳು ತೋರಿಸಿದರು. ಬಹಳ ಹೊತ್ತು ನೋಡಿದ ಮೇಲೆ ಸಂಗನಬಸಪ್ಪನವರಿಗೆ ಕಂಡಿತು. ಕಲ್ಲಿನ ಬಣ್ಣದ್ದೇ ಒಂದು ದೊಡ್ಡ ಕೊಂಬಿನ ಗೂಬೆ. ಅದರ ಮಗ್ಗುಲಲ್ಲಿ ಹತ್ತಿಯ ಉಂಡೆಯ ಹಾಗೆ ಎರಡು ಮರಿ.

“ಇದರ ಹತ್ರ ನಾ ಹೋಗಾಕಾಗೂದಿಲ್ಲ. ಹೋಗಲೂಬಾರದು. ಹೋದ್ರ ಮರಿ ಬಿಟ್ಟು ಹಾರತೈತಿ. ನನ್ನ ಲೆನ್ಸಿಗೆ ಇದು ಬರೇ ಕಲ್ಲಾಗೇ ಕಾಣತೈತಿ. ಇಲ್ಲಿ ನಿಮ್ಮದೇ ಬೇಕ್ರೀ” ಎಂದರು ನೀಲಾಂಬಿಕೆ.

ಸಂಗನಬಸಪ್ಪನವರು ಆ ಬೇಸಗೆಯೆಲ್ಲ ಕೊರಕಲಿನ ಈಚೆಯೇ ಕೂತರು. ಬಿಳಿಯ ಲೆನ್ಸಿಗೆ ಗೋಣಿಯ ಬಣ್ಣದ ಬಟ್ಟೆ ಸುತ್ತಿದರು. ಸಂಜೆಯ ಬೆಳಕಿನಲ್ಲಿ ತಾಯಿ ಮರಿಗೆ ಗುಟುಕು ಕೊಡುವುದು, ಮರಿ ಮೊದಲ ಸಲ ರೆಕ್ಕೆ ಬಿಚ್ಚಿ ತಾನೇ ಗಾಬರಿಯಾಗಿ ಮುಚ್ಚಿಕೊಳ್ಳುವುದು, ಎಲ್ಲವೂ ಅವರಿಗೆ ಸಿಕ್ಕಿತು. ಗೂಬೆಗೆ ಅವರಿದ್ದದ್ದು ಕೊನೆಯವರೆಗೂ ತಿಳಿಯಲಿಲ್ಲ. ಆ ಚಿತ್ರಗಳನ್ನು ನೀಲಾಂಬಿಕೆ ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, “ನೀವು ಅಲ್ಲಿ ಇರಲೇ ಇಲ್ಲ ಅನ್ನೂ ಹಂಗ ತೆಗೆದೀರಿ” ಎಂದರು. ಅಷ್ಟು ದೊಡ್ಡ ಹೊಗಳಿಕೆ ತಮಗೆ ಯಾವ ಬಹುಮಾನದಲ್ಲೂ ಸಿಕ್ಕಿರಲಿಲ್ಲ ಎಂದು ಸಂಗನಬಸಪ್ಪನವರು ಎಲ್ಲರ ಬಳಿ ಹೇಳಿಕೊಂಡು ತಿರುಗಿದರು.

ಗುರುಗಳು ಕತೆ ನಿಲ್ಲಿಸಿದರು.

ಓಂಕಾರ ಮುಂದಕ್ಕೆ ಬಾಗಿ ಕೂತಿದ್ದ. ಕತೆ ಅವನಿಗೆ ತುಂಬ ಹಿಡಿಸಿತ್ತು. ಉಸಿರು ಬಿಟ್ಟು, “ಎಂಥ ಹೆಣ್ಣುಮಗಳು, ಗುರುಗಳೇ!” ಎಂದ. ಆಮೇಲೆ ಕೇಳಿದ: “ಹಾಗಾದರೆ ನಾನು ಕೊಳ್ಳಬೇಕಾದ್ದು ಡಾಕ್ಟರ ಸಣ್ಣ ಲೆನ್ಸೋ, ಸಂಗನಬಸಪ್ಪನವರ ದೊಡ್ಡ ಲೆನ್ಸೋ?”

ಗುರುಗಳು ಕೇಳಿದರು: “ನೀನು ಯಾರ ಚಿತ್ರ ತೆಗೆಯಬೇಕೆಂದಿದ್ದೀಯ?”

ಓಂಕಾರ ಬಾಯಿ ತೆರೆದ. ಹೇಳಲು ಒಂದು ಹೆಸರೂ ಸಿಗಲಿಲ್ಲ.